ಅಕ್ಕನ ರೆಕಾರ್ಡು, ನನ್ನ ಕ್ಯಾಸೆಟ್ಟು

ನನ್ನ ಮಗಳು ಚಿತ್ರದುರ್ಗದ ಹಾಸ್ಟೆಲ್ಲಿನಲ್ಲಿದ್ದುಕೊಂಡು ಡಿಗ್ರಿ ಎರಡನೇ ವರ್ಷ ಓದುತ್ತಿದ್ದಾಳೆ. ಶನಿವಾರ ಮಧ್ಯಾಹ್ನ ಅವಳು ಚೀಲ ಏರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದರೆ ಅಲ್ಲಿ ಹೊಳಲ್ಕೆರೆ ಬಸ್ಸೂ ನಿಂತಿರುತ್ತದೆ, ಹಿರಿಯೂರು ಬಸ್ಸೂ ನಿಂತಿರುತ್ತದೆ. ಹೊಳಲ್ಕೆರೆಯಲ್ಲಿ ನಾನಿದ್ದೇನೆ, ಹಿರಿಯೂರಿನಲ್ಲಿ ನನ್ನ ಅಕ್ಕ. ಮೊದಲ ವರ್ಷವೆಲ್ಲ ಅವಳು ನನ್ನ ಕಡೆಯ ಬಸ್ಸನ್ನೇ ಹತ್ತಿದಳು. ಈ ವರ್ಷ ಮಳೆ ಶುರುವಾದಾಗಿನಿಂದ ನಾಲ್ಕು ವಾರಕ್ಕೆ ಮೂರು ವಾರ ಹಿರಿಯೂರಿಗೆ ಹೋಗುತ್ತಿದ್ದಾಳೆ. ನಾನು ಲೆಕ್ಕ ಇಟ್ಟಿದ್ದೇನೆ ಎಂಬುದು ಅವಳಿಗೆ ಗೊತ್ತಿಲ್ಲ. ದಿನಚರಿ ಬರೆಯುವವರಿಗೆ ಇಂಥ ಲೆಕ್ಕ ಇಡದೆ ಇರುವುದು ಕಷ್ಟ.

ಇದಕ್ಕೆಲ್ಲ ಕಾರಣ ಒಂದು ರೆಕಾರ್ಡು. ಅರ್ಧ ಶತಮಾನದ ಹಿಂದಿನ ಒಂದು ಸೈಕೆಡೆಲಿಕ್ ರಾಕ್ ತಂಡದ ಜನಪ್ರಿಯ ಹಾಡುಗಳನ್ನೆಲ್ಲ ಒಟ್ಟುಗೂಡಿಸಿದ ಆಲ್ಬಮ್ ಅದು. ಈಚೆಗೆ ಮತ್ತೆ ಅಚ್ಚು ಹಾಕಿದ್ದಾರೆ. ಹೊದಿಕೆಯ ಮೇಲೆ ನೇರಳೆ, ಕಿತ್ತಳೆ ಬಣ್ಣಗಳು ಕರಗಿ ಹರಿಯುತ್ತಿರುವಂಥ ಚಿತ್ರ. ಎರಡು ನಿಮಿಷ ನೋಡಿದರೆ ತಲೆ ಸುತ್ತುತ್ತದೆ.

ಆ ಹಾಡುಗಳು ನಮ್ಮ ಮನೆಗೆ ಬಂದದ್ದು ಮೂವತ್ತು ವರ್ಷಗಳ ಹಿಂದೆ, ಕ್ಯಾಸೆಟ್ಟಿನಲ್ಲಿ. ಆಗ ಚಿತ್ರದುರ್ಗದ ಸಂತೇಪೇಟೆಯಲ್ಲಿ ಒಂದು ರೆಕಾರ್ಡಿಂಗ್ ಸೆಂಟರ್ ಇತ್ತು. ನಾವು ಕ್ಯಾಸೆಟ್ ತೆಗೆದುಕೊಂಡು ಹೋಗಿ ಬೇಕಾದ ಹಾಡು ಹೇಳಿದರೆ ತುಂಬಿಸಿ ಕೊಡುತ್ತಿದ್ದರು. ನಮ್ಮ ಕ್ಯಾಸೆಟ್ಟಿನ ಮೇಲೆ ಅಂಗಡಿಯಾತ ನೀಲಿ ಶಾಯಿಯಲ್ಲಿ ಬರೆದದ್ದು ಎರಡೇ ಪದ: ಇಂಗ್ಲಿಷ್ ಹಿಟ್ಸ್. ತಂಡ ಯಾವುದು, ಯಾವ ದೇಶದ್ದು, ಒಂದೂ ನಮಗೆ ತಿಳಿಯಲಿಲ್ಲ. ಗಿಟಾರು ಬಾವಿಯೊಳಗಿನಿಂದ ಕೇಳಿದಂತೆ ಕೇಳುತ್ತಿತ್ತು. ಒಂದು ಹಾಡಿನ ನಡುವೆ ಯಾರೋ ಕಾರಣವಿಲ್ಲದೆ ನಗುತ್ತಿದ್ದರು.

ಆ ಕ್ಯಾಸೆಟ್ಟನ್ನು ತಂದವಳು ನಾನು. ಕನಿಷ್ಠ ಈ ಜುಲೈವರೆಗೆ ನಾನು ಹಾಗೆಂದು ನಂಬಿದ್ದೆ. ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಹೊಸ ಖಾಲಿ ಕ್ಯಾಸೆಟ್ ಹಿಡಿದು ಅಂಗಡಿಗೆ ಹೋದೆ. ಅಂಗಡಿಯಾತ ಮಂಕಿ ಕ್ಯಾಪ್ ಹಾಕಿಕೊಂಡು, ಪೆನ್ಸಿಲ್ ತೂರಿಸಿ ಸಡಿಲವಾದ ಟೇಪು ಸುತ್ತುತ್ತ ಕುಳಿತಿದ್ದ. ಒಳಗೆ ಯಾವುದೋ ಹಾಡು ಬರುತ್ತಿತ್ತು. ಪಟ್ಟಿಯಲ್ಲಿದ್ದ ಸಿನಿಮಾ ಹಾಡುಗಳನ್ನೆಲ್ಲ ಬಿಟ್ಟು, ‘ಇದನ್ನೇ ಹಾಕಿಕೊಡಿ’ ಎಂದೆ. ನಮ್ಮ ಊರಿನಲ್ಲಿ ಆ ಸಂಗೀತ ಆರಿಸಿದ ಮೊದಲ ಹುಡುಗಿ ನಾನೇ. ಈ ಕಥೆಯನ್ನು ಮಗಳಿಗೆ ಅವಳು ಐದಾರು ವರ್ಷದವಳಿದ್ದಾಗಿನಿಂದ ಹೇಳುತ್ತ ಬಂದಿದ್ದೆ. ನನ್ನ ಕಥೆಗಳಲ್ಲಿ ಅವಳು ಮತ್ತೆ ಮತ್ತೆ ಕೇಳುತ್ತಿದ್ದದ್ದು ಇದೊಂದನ್ನೇ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ, ಸಂಜೆ ಪೇಪರ್ ತಿದ್ದುತ್ತ ಕೂರುವ ಅಮ್ಮನ ಒಳಗೆ ಅಂಥ ಒಬ್ಬ ಹುಡುಗಿ ಇದ್ದಳೆಂದು ಅವಳಿಗೆ ಖುಷಿ. ನನಗೆ ಅದಕ್ಕಿಂತ ಹೆಚ್ಚು ಖುಷಿ.

ಹೋದ ವರ್ಷ ಆ ತಂಡ ಯಾವುದೆಂದು ಕಂಡುಹಿಡಿಯಲು ಮಗಳು ಫೋನು ನನ್ನ ಬಾಯಿಯ ಹತ್ತಿರ ಹಿಡಿದು, ‘ಗುನುಗು ಅಮ್ಮ, ಅದು ಹುಡುಕತ್ತೆ’ ಅಂದಿದ್ದಳು. ಗುನುಗಿದೆ. ಸಿಮೆಂಟಿನ ಜಾಹೀರಾತು ಎಂದಿತು ಫೋನು. ಮತ್ತೆ ಗುನುಗಿದೆ. ಏನೂ ಹೇಳಲಿಲ್ಲ. ಇಬ್ಬರೂ ನಕ್ಕು ಸುಮ್ಮನಾದೆವು.

ಈ ಬೇಸಿಗೆಯಲ್ಲಿ ಸಿರಿಗೆರೆಯಲ್ಲಿ ಸಂಬಂಧಿಕರ ಮನೆಯ ನಾಮಕರಣ. ಊಟದ ಪಂಕ್ತಿ ಏಳುವುದನ್ನು ಕಾಯುತ್ತ ಅಕ್ಕ ಏನೋ ಗುನುಗುತ್ತಿದ್ದಳಂತೆ. ಮಗಳು ಫೋನು ಹಿಡಿದಳಂತೆ. ಮೂರನೇ ಸಲಕ್ಕೆ ತಂಡದ ಹೆಸರೂ ಹಾಡಿನ ಹೆಸರೂ ಬಂದವಂತೆ. ‘ಅಂತೆ’ ಎನ್ನುತ್ತೇನೆ, ಯಾಕೆಂದರೆ ನಾನು ಅದೇ ಚಪ್ಪರದಲ್ಲಿ, ಇಪ್ಪತ್ತು ಹೆಜ್ಜೆ ಆಚೆ ಯಾರಿಗೋ ಪಲ್ಯ ಬಡಿಸುತ್ತಿದ್ದೆ. ಅವರಿಬ್ಬರೂ ನನಗೆ ಹೇಳಲಿಲ್ಲ. ಒಂದು ತಿಂಗಳು ಗುಟ್ಟಾಗಿ ಹುಡುಕಿ, ನಮ್ಮ ಕ್ಯಾಸೆಟ್ಟಿನ ಕ್ರಮದಲ್ಲೇ ಹಾಡುಗಳಿರುವ ಆಲ್ಬಮ್ ಯಾವುದೆಂದು ಪತ್ತೆ ಮಾಡಿ, ಅಕ್ಕ ರೆಕಾರ್ಡನ್ನೂ ಅದನ್ನು ನುಡಿಸುವ ಪೆಟ್ಟಿಗೆಯನ್ನೂ ತರಿಸಿಕೊಂಡಳು. ನನಗೆ ಫೋನು ಬಂದದ್ದು ಆಮೇಲೆ. ‘ಭಾನುವಾರ ಬಾರೇ, ನಿಂಗೊಂದು ತಮಾಷೆ ಐತೆ’ ಅಂದಳು.

ಅಕ್ಕನದು ಕೊಬ್ಬರಿ ವ್ಯಾಪಾರದ ಮನೆ. ನನಗಿಂತ ಮೂರು ವರ್ಷ ದೊಡ್ಡವಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದವಳನ್ನು ಹಿರಿಯೂರಿಗೆ ಕೊಟ್ಟರು. ಅದೇ ವರ್ಷ ನಾನು ಡಿಗ್ರಿಗೆಂದು ದೂರದ ಊರಿನ ಹಾಸ್ಟೆಲ್ಲಿಗೆ ಹೋದೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ. ಅವಳ ಮನೆಯ ಮುಂದೆ ಹಜಾರ, ಹಿಂದೆ ಗೋಡೌನು. ಒಣಕೊಬ್ಬರಿಯ ವಾಸನೆ ದಿಂಬಿನ ಚೀಲಕ್ಕೂ ಹತ್ತಿರುತ್ತದೆ.

‘ಚಪ್ಲಿ ಅಲ್ಲೇ ಬಿಡೇ, ಒಳಗೆ ಧೂಳು ಬರ್ಬಾರ್ದು,’ ಅಂದಳು ಅಕ್ಕ.

‘ಗೋಡೌನು ಮಗ್ಗುಲಲ್ಲಿ ಇಟ್ಕೊಂಡು ಧೂಳಿಗೆ ಹೆದರ್ತೀಯ?’

‘ಸೂಜಿಗೆ ಆಗಲ್ವಂತೆ ಕಣೇ. ಇವ್ಳು ಹೇಳ್ಯಾಳೆ.’

ಇವಳು ಅಂದರೆ ನನ್ನ ಮಗಳು. ಅವಳು ಅಕ್ಕನ ಹಳೆಯ ನೈಟಿ ಹಾಕಿಕೊಂಡು, ಮೃದುವಾದ ಬಟ್ಟೆಯಲ್ಲಿ ರೆಕಾರ್ಡು ಒರೆಸುತ್ತ ಕುಳಿತಿದ್ದಳು. ನನ್ನ ಮನೆಯಲ್ಲಿ ತಟ್ಟೆ ಒರೆಸು ಅಂದರೆ ಎರಡು ಸಲ ಕೂಗಬೇಕು.

ಹಾಡು ಶುರುವಾಯಿತು. ಮೊದಲ ಕಡೆ ಮುಗಿದು ಮಗಳು ರೆಕಾರ್ಡು ತಿರುಗಿಸಿ ಹಾಕಿದಳು. ಅದರ ಮೊದಲ ಹಾಡು ನಡುವಿಗೆ ಬಂದಾಗ ಒಂದು ಘಟನೆ ನಡೆಯಿತು. ನಮ್ಮ ಕ್ಯಾಸೆಟ್ಟಿನಲ್ಲಿ ಆ ಹಾಡು ಅಲ್ಲಿ ಕತ್ತರಿಸಿ ಹೋಗುತ್ತಿತ್ತು, ಟೇಪು ಮುಗಿಯುತ್ತಿದ್ದ ಜಾಗ ಅದು. ಎದ್ದು ಹೋಗಿ ಕ್ಯಾಸೆಟ್ ಮಗುಚಿ ಹಾಕಬೇಕಿತ್ತು. ಸರಿಯಾಗಿ ಆ ಜಾಗಕ್ಕೆ ಅಕ್ಕನ ಕೈಯೂ ನನ್ನ ಕೈಯೂ ಒಟ್ಟಿಗೇ ಮುಂದೆ ಹೋದವು. ಹಾಡು ನಿಲ್ಲದೆ ಮುಂದುವರಿಯಿತು. ನಾವಿಬ್ಬರೂ ಹಿಂದೆಂದೂ ಕೇಳದ ಎರಡು ಸಾಲು ಬಂದು ಹೋದವು.

ಮಗಳು ಬಿದ್ದು ಬಿದ್ದು ನಕ್ಕಳು. ‘ಇಬ್ರೂ ಒಂದೇ ಮಿಷಿನ್ ಥರ!’

ಅಕ್ಕನೂ ನಕ್ಕಳು. ನನಗೆ ನಗು ಬರಲಿಲ್ಲ. ಆ ತುಂಡಾದ ಜಾಗ ನನ್ನದು ಎಂದುಕೊಂಡಿದ್ದೆ.

ಕೊನೆಯ ಹಾಡು ಮುಗಿದು ಸೂಜಿ ಎದ್ದಿತು. ಅಕ್ಕ ಇನ್ನೂ ಕಾಯುತ್ತಿದ್ದಳು. ‘ಕಡೇದೆಲ್ಲಿ? ಕೊಳಲಿಂದು? ಒಬ್ಬ ಊದ್ತಾನಲ್ಲ, ಉಸಿರು ಕಟ್ಟಂಗೆ?’

‘ಇಷ್ಟೇ ದೊಡ್ಡಮ್ಮ. ಕೊಳಲು ಯಾವ್ದೂ ಇಲ್ಲ,’ ಅಂದಳು ಮಗಳು, ಹೊದಿಕೆಯ ಹಿಂಭಾಗದ ಪಟ್ಟಿ ನೋಡುತ್ತ.

‘ಮೋಸ ಮಾಡವ್ರೆ ಹಂಗಾದ್ರೆ. ಎಲ್ಲಕ್ಕಿಂತ ಒಳ್ಳೇದನ್ನೇ ಬಿಟ್ಟವ್ರೆ. ವಾಪಸ್ ಕಳಿಸಾಣ ಇದನ್ನ.’

ಇಲ್ಲಿ ನಾನು ಮಾಡಿದ್ದನ್ನು ಬರೆಯಲೇಬೇಕು. ಆ ಕೊಳಲು ಏನೆಂದು ನನಗೆ ಇಪ್ಪತ್ತಾರು ವರ್ಷಗಳಿಂದ ಗೊತ್ತಿತ್ತು. ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಲ್ಲಿ ಒಂದು ದಿನ ರೂಮಿನವರಿಗೆಲ್ಲ ಕ್ಯಾಸೆಟ್ ಕೇಳಿಸುತ್ತ, ಕೊನೆಯದು ಬಂದಾಗ, ಈ ತಂಡದವರು ಪೂರ್ವ ದೇಶಗಳ ಧ್ಯಾನದಿಂದ ಪ್ರಭಾವಿತರಾಗಿ ನುಡಿಸಿದ್ದು ಎಂದೇನೋ ವಿವರಿಸುತ್ತಿದ್ದೆ. ಹಿರಿಯೂರು ಕಡೆಯ ಕಾಡುಗೊಲ್ಲರ ಹಟ್ಟಿಯಿಂದ ಬಂದಿದ್ದ ಹುಡುಗಿಯೊಬ್ಬಳು ಹಾಸಿಗೆಯಿಂದ ಎದ್ದು ಕುಳಿತು, ‘ಲೇ, ಇದು ಗಣೆ ಕಣೇ! ನಮ್ಮಜ್ಜ ಊದ್ತಾನೆ ಇದನ್ನ. ಯಾವ ಇಂಗ್ಲಿಷಿನೋನು ಊದ್ಯಾನು?’ ಅಂದಳು. ಗಣೆ ಎಂದರೆ ಅವರ ಹಟ್ಟಿಗಳಲ್ಲಿ ಹಿರಿಯರ ಕಥೆ ಹಾಡುವಾಗ ಊದುವ ಉದ್ದನೆಯ ಬಿದಿರ ಕೊಳಲು. ರೂಮಿಗೆ ರೂಮೇ ನಕ್ಕಿತು. ಆಮೇಲೆ ಹೊಳೆಯಿತು ನನಗೆ. ನಮ್ಮ ಅಂಗಡಿಯಾತ ಯಾವ ಕ್ಯಾಸೆಟ್ಟಿನ ಕೊನೆಯನ್ನೂ ಖಾಲಿ ಬಿಡುತ್ತಿರಲಿಲ್ಲ. ಖಾಲಿ ಟೇಪು ಓಡಿದರೆ ಗಿರಾಕಿ ಮೋಸ ಅಂದುಕೊಳ್ಳುತ್ತಾರೆಂದು, ಉಳಿದ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುಂಬುತ್ತಿದ್ದ. ಯಾವುದೋ ಹಟ್ಟಿಯಲ್ಲಿ ತಾನೇ ಹಿಡಿದುಕೊಂಡು ಬಂದ ಗಣೆಯನ್ನು ನಮಗೆ ಮೂರ್ನಾಲ್ಕು ನಿಮಿಷ ತುಂಬಿಕೊಟ್ಟಿದ್ದ.

ಇದನ್ನು ಅಕ್ಕನಿಗೆ ಯಾವತ್ತೋ ಹೇಳಬಹುದಿತ್ತು. ಹೇಳಿರಲಿಲ್ಲ. ನನಗಾದ ಅವಮಾನವನ್ನು ಮುಚ್ಚಿಡಲು ಎಂದು ಮೊದಲು ಅಂದುಕೊಂಡಿದ್ದೆ. ಆ ಭಾನುವಾರ ನನ್ನ ಬಾಯಿಂದ ಮಾತು ಹೊರಟ ರೀತಿ ನೋಡಿದರೆ, ಹೀಗೊಂದು ದಿನಕ್ಕಾಗಿ ಕೂಡಿಟ್ಟುಕೊಂಡಿದ್ದೆ ಅನ್ನಿಸುತ್ತದೆ.

‘ಅದು ಆ ತಂಡದ್ದೇ ಅಲ್ಲ ಅಕ್ಕ. ಹಟ್ಟಿಯೋರ ಗಣೆ ಅದು. ಇಷ್ಟು ವರ್ಷ ನೀನು ಇಂಗ್ಲಿಷ್ ಹಾಡು ಅನ್ಕೊಂಡಿದ್ಯಾ?’ ಎಂದೆ. ‘ನೀನು’ ಅನ್ನುವಾಗ ದನಿ ಸ್ವಲ್ಪ ಏರಿತ್ತು. ಮಗಳಿಗೆ ಕೇಳಲಿ ಎಂದು.

ಅಕ್ಕನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ನಿಧಾನವಾಗಿ, ‘ಅಂದ್ರೆ ಇಲ್ಲಿದೇನಾ? ನಮ್ಮ ಕಡೇದೇನಾ?’ ಅಂದಳು. ‘ಹಂಗಾದ್ರೆ ಹುಡುಕಿದ್ರೆ ಸಿಗ್ತದೆ ಅನ್ನು!’

ಮಗಳ ಕಣ್ಣು ಅರಳಿತು. ‘ಹುಡುಕಾಣ ದೊಡ್ಡಮ್ಮ!’

ನಾನು ಎಸೆದದ್ದು ಅವರಿಬ್ಬರ ಮಡಿಲಿಗೆ ಉಡುಗೊರೆಯಾಗಿ ಹೋಗಿ ಬಿತ್ತು. ‘ಹುಡುಕಾಣ’ ಎಂಬ ಮಾತು ನನ್ನ ಮಗಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನ್ನೊಂದಿಗೆ ಅವಳು ‘ಹುಡುಕೋಣ’ ಅನ್ನುತ್ತಾಳೆ.

ಆಮೇಲೆ ಕಾಫಿ ಕುಡಿಯುತ್ತ ಅಕ್ಕ ಸಹಜವಾಗಿ ಹೇಳತೊಡಗಿದಳು: ‘ಅವತ್ತು ನಾನು ಅಂಗಡಿಗೆ ಹೋದಾಗ ಆ ಮಂಕಿ ಟೋಪಿ ಆಸಾಮಿ ಪೆನ್ಸಿಲ್ ತಿರುಗಿಸ್ತಾ ಕುಂತಿದ್ದ ನೋಡು, ಒಳಗೆ ಈ ಹಾಡು ಬರ್ತಿತ್ತು...’

ಮಗಳ ಲೋಟ ಗಾಳಿಯಲ್ಲೇ ನಿಂತಿತು. ಅವಳು ನನ್ನ ಕಡೆ ನೋಡಿದಳು.

‘ಅಕ್ಕ, ಹೋಗಿದ್ದು ನಾನು,’ ಎಂದೆ.

‘ನೀನೆಲ್ಲಿ ಹೋಗಿದ್ದೆ? ನಾನ್ ಕಣೇ ಹೋಗಿದ್ದು.’

‘ಪೆನ್ಸಿಲ್ ನೋಡಿದ್ದು ನಾನು. ಮಂಕಿ ಕ್ಯಾಪ್ ನೋಡಿದ್ದು ನಾನು.’

‘ಏ, ಅವನು ವರ್ಷಾನುಗಟ್ಲೆ ಅದೇ ಟೋಪಿ ಹಾಕ್ಕಂಡು ಕುಂತಿರ್ತಿದ್ದ. ಊರಿಗೆಲ್ಲ ಕಂಡೈತೆ ಅದು.’

‘ಇಬ್ರೂ ಒಂದೇ ಕಥೆ ಹೇಳ್ತಿದೀರಲ್ಲ,’ ಅಂದಳು ಮಗಳು. ನಗುತ್ತಲೇ ಅಂದಳು, ಆದರೆ ಅವಳು ನನ್ನನ್ನು ನೋಡಿದ ನೋಟದಲ್ಲಿ ಏನೋ ಒಂದು ಸಣ್ಣದಾಗಿ ಅಲುಗಿತ್ತು. ಹದಿನಾಲ್ಕು ವರ್ಷ ನಾನು ಹೇಳಿದ್ದನ್ನು ಅವಳು ಮನಸ್ಸಿನಲ್ಲಿ ತಿರುವಿ ಹಾಕುತ್ತಿದ್ದಳು.

‘ನನ್ನ ಡೈರಿಯಲ್ಲಿದೆ,’ ಎಂದೆ. ‘ಪಿಯುಸಿಯಿಂದ ಒಂದು ದಿನ ಬಿಡದೆ ಬರೆದಿದೀನಿ. ತಂದು ತೋರಿಸ್ತೀನಿ.’

‘ತೋರ್ಸು ಮತ್ತೆ,’ ಅಂದಳು ಮಗಳು. ‘ಮೂಲ ದಾಖಲೆ ಇಲ್ದೆ ಏನೂ ಒಪ್ಬೇಡಿ ಅಂತ ಕ್ಲಾಸಲ್ಲಿ ಹೇಳೋಳು ನೀನೇ ಅಲ್ವಾ?’

ಅಕ್ಕ ಲೋಟ ತೆಗೆದುಕೊಂಡು ಒಳಗೆ ಹೋದಳು. ‘ತರ್ಲಿ ಬಿಡು. ಅವ್ಳು ಬರೆಯೋಳು, ಅವ್ಳತ್ರ ಇರ್ತೈತೆ.’

ಹಳೆಯ ದಿನಚರಿಗಳು ಹೊಸದುರ್ಗದಲ್ಲಿ ನನ್ನ ಅತ್ತೆಯ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿನಲ್ಲಿವೆ. ಹೊಳಲ್ಕೆರೆಯಿಂದ ಅಲ್ಲಿಗೆ ದೂರವೇನೂ ಇಲ್ಲ. ಆದರೂ ಐದು ವಾರ ನಾನು ಹೋಗಲಿಲ್ಲ. ಕಾಲೇಜಿನ ಪರೀಕ್ಷೆ ಎಂದೆ, ಮಳೆ ಎಂದೆ. ನೆನಪನ್ನು ನಂಬಬಾರದು ಎಂದು ಇಪ್ಪತ್ತು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನಡೆದದ್ದನ್ನು ಪ್ರತಿ ಸಲ ಹೇಳುವಾಗಲೂ ನಾವು ಅದನ್ನು ಚೂರು ತಿದ್ದುತ್ತೇವೆ, ಕೊನೆಗೆ ತಿದ್ದಿದ್ದು ಮಾತ್ರ ಉಳಿಯುತ್ತದೆ ಎನ್ನುತ್ತೇನೆ. ಆ ಮಾತು ಇನ್ನೊಬ್ಬರ ನೆನಪಿಗೆ ಹೊಂದುತ್ತದೆ ಎಂದುಕೊಂಡು ಹೇಳುವುದು ಸುಲಭ. ಅಂಗಡಿಯ ಬಾಗಿಲಲ್ಲಿ ನೇತುಹಾಕಿದ್ದ ಊದುಬತ್ತಿಯ ವಾಸನೆ ನನಗೆ ಈಗಲೂ ಬರುತ್ತದೆ. ವಾಸನೆ ಸುಳ್ಳು ಹೇಳುತ್ತದೆಯೇ? ಹೇಳಬಹುದು. ಆಮೇಲೆ ಯಾವತ್ತೋ ನಾನು ಬೇರೆ ಕ್ಯಾಸೆಟ್ ತರಲು ಹೋಗಿರಬಹುದು.

ಆ ಐದು ವಾರಗಳ ಕೊನೆಯ ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಫೋನು ನೋಡಿದೆ. ಮಗಳು ಸ್ಟೇಟಸ್ ಹಾಕಿದ್ದಳು. ಹಿರಿಯೂರಿನ ಆಚೆ ಯಾವುದೋ ಹಟ್ಟಿ. ಜಾಲಿಯ ಬೇಲಿಯ ಪಕ್ಕ ಕಂಬಳಿ ಹೊದ್ದ ಹಿರಿಯರೊಬ್ಬರು ತಮ್ಮ ಎತ್ತರಕ್ಕೆ ಸಮನಾದ ಗಣೆ ಊದುತ್ತಿದ್ದಾರೆ. ಎದುರು ನೆಲದ ಮೇಲೆ ಅಕ್ಕ ಕಣ್ಣು ಮುಚ್ಚಿ ಕುಳಿತಿದ್ದಾಳೆ. ಹಿಂದೆ ಕುರಿಗಳ ಸದ್ದು. ಕೊನೆಗೆ ಮಗಳ ದನಿ: ‘ಇದೇನಾ ದೊಡ್ಡಮ್ಮ?’ ಅಕ್ಕನ ದನಿ: ‘ಇದೇ ಕಣವ್ವ. ಇದೇ.’

ನಾನು ಆ ಮೂವತ್ತು ಸೆಕೆಂಡನ್ನು ಎಷ್ಟು ಸಲ ನೋಡಿದೆನೋ. ರೊಟ್ಟಿ ಹಂಚಿನ ಮೇಲೆ ಕಪ್ಪಾಯಿತು. ‘ಏನು ಸುಡ್ತಿದೆ?’ ಎಂದು ಹಜಾರದಿಂದ ನನ್ನ ಗಂಡ ಕೇಳಿದರು. ‘ಏನೂ ಇಲ್ಲ’ ಎಂದೆ. ಗಣೆ ಎಂದು ಹೇಳಿದವಳು ನಾನು. ಒಂದು ಮಾತು ‘ನೀನೂ ಬಾರಮ್ಮ’ ಎನ್ನಬಾರದಿತ್ತೇ? ಅಥವಾ ಅಂದಿದ್ದರೆ ನಾನು ಪೇಪರ್ ತಿದ್ದುವುದಿದೆ ಎನ್ನುತ್ತಿದ್ದೆನೇ? ಎನ್ನುತ್ತಿದ್ದೆ ಅನ್ನಿಸುತ್ತದೆ. ಅದನ್ನು ತಿಳಿದುಕೊಂಡರೂ ಉರಿ ಕಡಿಮೆಯಾಗಲಿಲ್ಲ. ಮಾರನೆಯ ಬೆಳಿಗ್ಗೆಯೇ ರಜೆ ಹಾಕಿ ಹೊಸದುರ್ಗದ ಬಸ್ಸು ಹತ್ತಿದೆ.

ಏಣಿ ಹಾಕಿ ಅಟ್ಟ ಹತ್ತಿದೆ. ಅತ್ತೆ ಕೆಳಗೆ ಏಣಿ ಹಿಡಿದು ನಿಂತು, ‘ಏನವ್ವ, ಈ ವಯಸ್ಸಲ್ಲಿ ಮಂಗ್ಯಾನಂಗೆ ಹತ್ತಿದೀಯ? ಅಂಥಾದ್ದೇನೈತೆ ಅಲ್ಲಿ?’ ಎನ್ನುತ್ತಿದ್ದರು. ಪಿಯುಸಿ ಎರಡನೇ ವರ್ಷದ ನೋಟುಬುಕ್ಕು ಸಿಕ್ಕಿತು. ಕಂದು ರಟ್ಟು, ಅಂಚು ಇಲಿ ತಿಂದಿತ್ತು. ಅಲ್ಲೇ ಮೊಣಕಾಲೂರಿ ಓದಿದೆ. ಚಳಿಗಾಲದ ಒಂದು ಪುಟದಲ್ಲಿ ನಾಲ್ಕು ಸಾಲು ಸಿಕ್ಕವು. ಆಮೇಲೆ, ಏನೋ ಅನುಮಾನ ಬಂದು, ಡಿಗ್ರಿ ಮೊದಲ ವರ್ಷದ ಪುಸ್ತಕವನ್ನೂ ತೆಗೆದೆ. ಅದರಲ್ಲಿ ಇನ್ನೊಂದು ಪುಟ ಸಿಕ್ಕಿತು.

ಓದಿ ಮುಗಿಸಿದ ಮೇಲೆ ನನಗೆ ಮೊದಲು ಬಂದ ಯೋಚನೆ ನಾಚಿಕೆಯದ್ದಲ್ಲ. ಇಲಿ ಇನ್ನಷ್ಟು ತಿಂದಿದೆ ಎಂದು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ ಎಂಬುದು. ‘ಸಿಕ್ತೇನವ್ವ?’ ಎಂದರು ಅತ್ತೆ ಕೆಳಗಿನಿಂದ. ‘ಸಿಕ್ತು’ ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದು. ಹಾಗೆ ಹೇಳಿದ ಮೇಲೆ ಸಿಗಲಿಲ್ಲ ಎನ್ನಲು ಆಗಲಿಲ್ಲ.

ಮುಂದಿನ ಭಾನುವಾರ ಹಿರಿಯೂರಿಗೆ ಹೋದೆ. ಚೀಲದಲ್ಲಿ ಎರಡು ನೋಟುಬುಕ್ಕುಗಳು. ಅಕ್ಕ ಮಂಡಕ್ಕಿ ಒಗ್ಗರಣೆ ಮಾಡಿದ್ದಳು. ಭಾವ ಮಂಡಿಗೆ ಹೋಗಿದ್ದರು. ಮಗಳು ತಟ್ಟೆ ಪಕ್ಕಕ್ಕಿಟ್ಟು, ‘ತಂದ್ಯಾ?’ ಅಂದಳು.

ಮೊದಲ ಪುಸ್ತಕ ತೆಗೆದು ಓದಿದೆ: ‘ಅಕ್ಕ ಒಂದು ಇಂಗ್ಲಿಷ್ ಕ್ಯಾಸೆಟ್ ತಂದು ಮಧ್ಯಾಹ್ನದಿಂದ ಅದನ್ನೇ ಹಾಕುತ್ತಿದ್ದಾಳೆ. ಬರೀ ಗದ್ದಲ. ತಲೆನೋವು. ಪರೀಕ್ಷೆಗೆ ಓದಲು ಆಗುತ್ತಿಲ್ಲ. ಅಮ್ಮನಿಗೆ ಹೇಳಿದೆ.’

ನಾನು ಬೇಗ ಮುಗಿಸಿಬಿಡಬೇಕೆಂದು ಎರಡನೆಯದನ್ನು ತೆಗೆದೆ. ಹಾಸ್ಟೆಲ್ಲಿಗೆ ಹೋದ ಮೂರನೇ ವಾರದ್ದು. ‘ಇವತ್ತು ರೂಮಿನವರಿಗೆ ಕ್ಯಾಸೆಟ್ ಕೇಳಿಸಿದೆ. ಯಾರು ಆರಿಸಿದ್ದು ಎಂದು ಕೇಳಿದರು. ನಾನೇ ಅಂಗಡಿಗೆ ಹೋಗಿ ಆರಿಸಿದ್ದು ಎಂದೆ. ಅಕ್ಕ ಹೇಳುವ ಹಾಗೇ ಹೇಳಿದೆ. ಎಲ್ಲರೂ ನಂಬಿದರು.’ ಅಲ್ಲಿಗೆ ಪುಸ್ತಕ ಮುಚ್ಚಿದೆ.

ಮಗಳು ಕೈ ಚಾಚಿದಳು. ‘ಕೊಡಮ್ಮ, ಅಕ್ಷರ ನೋಡ್ತೀನಿ.’

‘ಅಷ್ಟೇ ಇರೋದು.’

‘ಅಷ್ಟೇ ಇದ್ರೆ ಕೊಡು.’

ಕೊಟ್ಟೆ. ಅವಳು ಪುಟ ಹುಡುಕಿ, ನಾನು ಬಿಟ್ಟಿದ್ದ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: ‘ಅಕ್ಕ ಇಲ್ಲಿಲ್ಲವಲ್ಲ, ಅಡ್ಡಿಯಿಲ್ಲ.’

ಗೋಡೌನಿನ ಕಡೆಯಿಂದ ಯಾರೋ ಚೀಲ ಎಳೆಯುವ ಸದ್ದು ಬರುತ್ತಿತ್ತು. ನಾನು ಮಂಡಕ್ಕಿಯಲ್ಲಿ ಮೆಣಸಿನಕಾಯಿ ಆರಿಸುತ್ತ ಕುಳಿತೆ. ಅಕ್ಕ ಬೈಯಲಿ ಎಂದು ಕಾಯುತ್ತಿದ್ದೆ. ಬೈದರೆ ನಾನೂ ಏನಾದರೂ ತಿರುಗಿಸಿ ಹೇಳಬಹುದಿತ್ತು.

‘ನಿಜಾನೇ ಬರ್ದಿದೀಯ,’ ಅಂದಳು ಅಕ್ಕ. ‘ನಾನೆಲ್ಲಿದ್ದೆ ಅಲ್ಲಿ? ಇಲ್ಲಿ ಕೊಬ್ಬರಿ ಹೋಳು ಎಣಿಸ್ತಿದ್ದೆ. ಕ್ಯಾಸೆಟ್ ಬೀರುನಾಗೈತೆ, ಯುಗಾದಿಗೆ ಹೋದಾಗ ತಂದ್ಕಳಾಣ ಅಂತ ಹೋದೆ. ನೋಡಿದ್ರೆ ಇರ್ಲಿಲ್ಲ. ಅಮ್ಮ ಅಂದ್ಲು, ಅವ್ಳು ತಗಂಡು ಹೋದ್ಲು ಅಂತ.’

ಕ್ಯಾಸೆಟ್ ಎಲ್ಲಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ, ಎಂ.ಎ. ಮುಗಿಯುವಾಗ ಯಾರಿಗೋ ಕೊಟ್ಟು ಕಳೆದುಕೊಂಡೆ ಎನ್ನಬೇಕಾಗುತ್ತಿತ್ತು. ಆ ಹಾಡುಗಳನ್ನು ನಾನು ಐದು ವರ್ಷ ಕೇಳಿದ್ದೆ. ಅವಳು ಕೇಳಿದ್ದು ಒಂದು ಬೇಸಿಗೆ. ಆದರೂ ರಾಗ ಅವಳಲ್ಲಿ ಉಳಿದಿತ್ತು. ನನ್ನಲ್ಲಿ ಉಳಿದದ್ದು ಅವಳ ಕಥೆ.

‘ದೊಡ್ಡಮ್ಮ, ಹಂಗಾದ್ರೆ ನೀನೇ ಹೇಳು,’ ಅಂದಳು ಮಗಳು. ಅವಳು ಜರುಗಿ ಅಕ್ಕನ ಪಕ್ಕಕ್ಕೆ ಹೋಗಿ ಕುಳಿತಳು. ನನ್ನ ಮೇಲೆ ಕೋಪವೇನೂ ಕಾಣಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ಹೊತ್ತು ಕೂಡ ನನ್ನನ್ನು ನೋಡಲಿಲ್ಲ. ‘ಮೊದ್ಲಿಂದ ಹೇಳು.’

‘ಏನೈತೆ ಹೇಳಾಕೆ? ಹೋದೆ, ಹಾಕಿಸ್ಕಂಡು ಬಂದೆ.’

‘ಹಂಗಲ್ಲ. ಪೂರ್ತಿ ಹೇಳು.’

ಅಕ್ಕ ಹೇಳಿದಳು. ಬಹಳ ಕೆಟ್ಟದಾಗಿ ಹೇಳಿದಳು. ಹಾಡಿನ ವಿಷಯಕ್ಕೆ ಬರುವ ಮೊದಲು ಅಂಗಡಿಯ ಪಕ್ಕ ಯಾವ ಅಂಗಡಿ ಇತ್ತು, ಅದನ್ನು ಈಗ ಯಾರು ನಡೆಸುತ್ತಾರೆ, ಅವರ ಮಗಳನ್ನು ಯಾವ ಊರಿಗೆ ಕೊಟ್ಟರು ಎಂದೆಲ್ಲ ಸುತ್ತಿದಳು. ಮಂಕಿ ಕ್ಯಾಪನ್ನು ಮರೆತೇ ಬಿಟ್ಟಳು. ತಿದ್ದಲು ನನ್ನ ನಾಲಿಗೆ ತುದಿಗೆ ನಾಲ್ಕು ಸಲ ಮಾತು ಬಂತು. ಮಗಳು ಬಾಯಿ ತೆರೆದು ಕೇಳುತ್ತಿದ್ದಳು.

ಆಮೇಲೆ ಅಕ್ಕ ಅಂದಳು: ‘ಹೊಸಾ ಕ್ಯಾಸೆಟ್ ಎಲ್ಲಿತ್ತು ನನ್ನತ್ರ? ಅಮ್ಮನ ಭಜನೆ ಕ್ಯಾಸೆಟ್ ತಗಂಡು ಹೋಗಿದ್ದೆ. ಅದರ ಮ್ಯಾಲೇ ಹಾಕಿಸ್ದೆ. ಅಮ್ಮ ಅಳಿಸಬಾರ್ದು ಅಂತ ಮೇಲಿನ ಚೂರು ಮುರಿದಿಟ್ಟಿದ್ಲು. ಆ ತೂತಿಗೆ ಕಾಗದ ತುರುಕಿ ಕೊಟ್ಟೆ. ಅಂಗಡಿಯೋನು ಒಂದು ಸಲ ನನ್ನ ಮುಖ ನೋಡ್ದ, ಏನೂ ಕೇಳ್ಲಿಲ್ಲ.’

ನನಗೆ ಇದು ಗೊತ್ತೇ ಇರಲಿಲ್ಲ. ಮೂವತ್ತು ವರ್ಷ ನಾನು ‘ಹೊಸ ಖಾಲಿ ಕ್ಯಾಸೆಟ್’ ಎಂದು ಕಥೆ ಶುರು ಮಾಡುತ್ತಿದ್ದೆ. ಅಮ್ಮ ದಿನಾ ಸಂಜೆ ದೀಪ ಹಚ್ಚಿ ಕೇಳುತ್ತಿದ್ದ ಭಜನೆಯನ್ನು ಅಳಿಸಿ, ಹೆಸರು ಗೊತ್ತಿಲ್ಲದ ಹಾಡು ಹಾಕಿಸಿಕೊಳ್ಳುವ ಧೈರ್ಯ ಆ ಕಥೆಯೊಳಗೆ ಇತ್ತು. ಅದು ನನ್ನ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಎಷ್ಟು ಚೆನ್ನಾಗಿ ಹೇಳುತ್ತಿದ್ದೆ ಎಂದು ಆ ಗಳಿಗೆಯಲ್ಲೂ ಯೋಚಿಸಿದೆ.

‘ಅಜ್ಜಿಗೆ ಗೊತ್ತಾಗ್ಲಿಲ್ವಾ?’ ಅಂದಳು ಮಗಳು.

‘ಅವತ್ತೇ ಸಂಜೆಗೆ ಗೊತ್ತಾತು. ಪಕ್ಕದ್ಮನೆಯೋಳು ಸದ್ದು ಕೇಳಿ ಹೇಳವ್ಳೆ ಅನ್ಕಂಡಿದ್ದೆ. ನನ್ನ ಮದುವೆ ಆಗಾಗಂಟ ಆಕೆ ಜತೆ ನಾನು ಮಾತಾಡ್ಲಿಲ್ಲ, ಗೊತ್ತಾ? ಪಾಪ.’ ಅಕ್ಕ ನೋಟುಬುಕ್ಕಿನ ಕಡೆ ಕೈ ತೋರಿಸಿ ನಕ್ಕಳು. ‘ಇವ್ಳು ಅಂತ ಈಗ ಗೊತ್ತಾತು. ಆಮ್ಯಾಕೆ ಏನಾತೋ ನನ್ನ ಕೇಳ್ಬೇಡ. ನಾನು ಹೆದರಿ ಹಿತ್ತಲಾಗೆ ಬಟ್ಟೆ ಒಗೀತಾ ಕುಂತಿದ್ದೆ. ಒಳಗಿದ್ದೋಳು ಇವ್ಳು. ಇವ್ಳನ್ನ ಕೇಳು.’

ಮಗಳು ನನ್ನ ಕಡೆ ತಿರುಗಿದಳು. ಅಷ್ಟು ಹೊತ್ತಿಗೆ ಮೊದಲ ಸಲ ಪೂರ್ತಿಯಾಗಿ ತಿರುಗಿದಳು. ‘ಆಮೇಲೆ ಏನಾಯ್ತಮ್ಮ?’

ನಾನು ಬೇಕಾದ್ದು ಹೇಳಬಹುದಿತ್ತು. ಅಮ್ಮ ಕೋಪದಲ್ಲಿ ಕೂಗಾಡಿದಳು, ನಾನು ಕೊನೆಗೆ ಅಕ್ಕನ ಪರ ನಿಂತೆ ಎನ್ನಬಹುದಿತ್ತು. ಒಳಗಿದ್ದವಳು ನಾನೊಬ್ಬಳೇ. ಅಮ್ಮ ಈಗ ಇಲ್ಲ. ದಿನಚರಿಯಲ್ಲಿ ಮುಂದಿನ ಸಾಲು ಇಲ್ಲ. ನನ್ನ ಮಗಳು ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದಳು.

‘ನಾನು ಚಾಡಿ ಹೇಳಿದೆ,’ ಎಂದೆ. ‘ಅಮ್ಮ ಬಂದು ಟೇಪ್‌ರೆಕಾರ್ಡರ್ ಆಫ್ ಮಾಡಿದ್ಲು. ಕ್ಯಾಸೆಟ್ಟನ್ನೂ ಅದನ್ನೂ ನನ್ನ ಪರೀಕ್ಷೆ ಮುಗಿಯೋವರೆಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ಲು. ನಾನು ಓದೋಕೆ ಕೂತೆ.’

‘ಅಜ್ಜಿ ಏನೂ ಅನ್ಲಿಲ್ವಾ?’

‘ಅಂದಿರ್ಬೇಕು. ನನಗೆ ನೆನಪಿಲ್ಲ.’

‘ಅಷ್ಟೇನಾ?’

‘ಅಷ್ಟೇ.’

ಮಗಳು ಒಂದು ಗಳಿಗೆ ಹಾಗೇ ನೋಡಿದಳು, ಇನ್ನೇನಾದರೂ ಬರುತ್ತದೇನೋ ಎಂಬಂತೆ. ಆಮೇಲೆ ತಲೆಯಾಡಿಸಿ, ಅಕ್ಕನ ಕಡೆ ತಿರುಗಿ, ‘ಭಜನೆ ಕ್ಯಾಸೆಟ್ ಮೇಲೆ! ದೊಡ್ಡಮ್ಮ, ನಿಂಗೆ ಎಷ್ಟು ಧೈರ್ಯ!’ ಎಂದು ಅವಳ ತೋಳು ಹಿಡಿದುಕೊಂಡಳು.